ಚಿಗವ್ವನನ್ನು ಕೊಲೆಗಾತಿ ಮಾಡಿದ ಆರನೆಯ ಕಂತು

"ನೀ ನನಗ ಸುಳ್ಳ ಹೇಳಿದ್ದಿ."

ಹುಕ್ಕೇರಿಯ ನಮ್ಮ ಮನೆಯಲ್ಲಿ ನಾನು ಬೆಳಗಿನ ಚಹಾ ಸೋಸುತ್ತಿದ್ದೆ. ಮೇಲವಂಕಿಯಿಂದ ಚಿಗವ್ವ ಫೋನ್ ಮಾಡಿದರೆ ಮೊದಲು ಎಮ್ಮೆಯ ಸುದ್ದಿ, ಆಮೇಲೆ ಮೊಣಕಾಲಿನ ಸುದ್ದಿ, ಕಡೆಗೆ ಏನಾದರೂ ಕೆಲಸವಿದ್ದರೆ ಅದರ ಮಾತು. ಅಂದು ಎಮ್ಮೆಯೂ ಇಲ್ಲ, ಮೊಣಕಾಲೂ ಇಲ್ಲ.

"ಏನ ಸುಳ್ಳ ಚಿಗವ್ವಾ?"

"ಆ ರೇಡಿಯೋ ನಾಟಕದಾಗ ಹೀರೋನ ಕೊಂದಾಕಿ ನಾನ ಅಂತಲ್ಲ! ಕೊಂದು ಬಾವಿಗಿ ಬಿದ್ನೆಂತ. ನಿನ್ನಿ ಮೊಬೈಲಿನ್ಯಾಗ ಕೇಳಿದ್ನಿ. ಸೊಸ್ತ್ಯಾರು ಬಾಜೂಕ ಕುಂತು ಕಿಸಕ್ಕಂತ ನಕ್ರು. ನೀ ಏನ ಹೇಳಿದ್ದಿ ನನಗ ಆವಾಗ? ನೆನಪರ ಐತೇನ?"

ನೆನಪಿತ್ತು. ಚಹಾ ಸೋಸುವ ಜರಡಿಯನ್ನು ಕೈಯಲ್ಲೇ ಹಿಡಿದುಕೊಂಡು ನಿಂತಿದ್ದೆ. ಅವಳೇ ಫೋನ್ ಇಟ್ಟಳು.

ಚಿಗವ್ವ ನನ್ನ ತಾಯಿಯ ತಂಗಿ. ಘೋಡಗೇರಿಯ ಮಗಳು, ಮೇಲವಂಕಿಯ ಸೊಸೆ. ಓದಿದ್ದು ಐದನೆಯ ಇಯತ್ತೆ. ಬೀಸುವ ಪದ, ಸೋಬಾನ ಪದಗಳನ್ನು ಹಾಡಲು ಊರ ಹೆಂಗಸರ ಜೊತೆ ಒಮ್ಮೆ ರೇಡಿಯೋ ಕೇಂದ್ರಕ್ಕೆ ಹೋಗಿದ್ದಳು. ಅಲ್ಲಿ ಯಾರೋ ಇವಳ ದನಿ ಕೇಳಿ ನಾಟಕಕ್ಕೆ ಕರೆದರು. ಆರು ಕಂತಿನ ಪತ್ತೇದಾರಿ ನಾಟಕ. ಸಿನಿಮಾ ಸ್ಟುಡಿಯೋದಲ್ಲಿ ಚಿತ್ರೀಕರಣ ನಡೆದಿರುವಾಗ ಹೀರೋ ವಿಷ ಕುಡಿದು ಸಾಯುವ ದೃಶ್ಯ. ಬಟ್ಟಲಿನಲ್ಲಿ ಬೆಲ್ಲದ ನೀರಿರಬೇಕು, ನಿಜವಾದ ವಿಷವಿರುತ್ತದೆ. ಕೊಂದವರು ಯಾರು? ಆ ಹೀರೋನ ಹಳ್ಳಿಯ ಹೆಂಡತಿಯ ಪಾತ್ರ ಚಿಗವ್ವನದು. ಮದುವೆಯಾಗಿ ನಾಲ್ಕು ವರ್ಷವಾಗಿತ್ತು. ಕಾಕಾ, ಅಂದರೆ ಅವಳ ಗಂಡ, ತಾನೇ ಬಸ್ಸಿನಲ್ಲಿ ಕರೆದುಕೊಂಡು ಹೋಗಿ ರೆಕಾರ್ಡಿಂಗ್ ಮುಗಿಯುವವರೆಗೆ ಹೊರಗೆ ಬೆಂಚಿನ ಮೇಲೆ ಕೂತಿರುತ್ತಿದ್ದನು. ಎರಡು ಸಲ ಹೋಗಿ ಐದು ಕಂತು ಮುಗಿಸಿದರು. ಆರನೆಯ ಕಂತಿನ ಹಾಳೆಗಳನ್ನು ಕೈಗೆ ಕೊಟ್ಟು, ಬಾಯಿಪಾಠ ಮಾಡಿಕೊಂಡು ಬಾರವ್ವ ಎಂದು ಹೇಳಿ ಕಳಿಸಿದ್ದರು.

ಆ ಹಾಳೆಗಳಲ್ಲಿ ಕೊಲೆಗಾರನನ್ನು ಹಿಡಿಯುವವಳು ಅವಳೇ. ರಜೆಗೆ ಹೋದಾಗ ಆ ಹಾಳೆ ಹಿಡಿದುಕೊಂಡು ಅವಳಿಗೆ ಪಾಠ ಒಪ್ಪಿಸಿಕೊಂಡವಳು ನಾನು. ಹೀರೋ ಬಿದ್ದಾಗ ಸ್ಟುಡಿಯೋದಲ್ಲಿದ್ದವರೆಲ್ಲ ಎಂಥ ನಟನೆ ಎಂದು ಚಪ್ಪಾಳೆ ತಟ್ಟುತ್ತಾರೆ. ನಿರ್ಮಾಪಕನೊಬ್ಬನೇ ತಟ್ಟುವುದಿಲ್ಲ. ಕಡೆಯ ಕಂತಿನಲ್ಲಿ ಹೆಂಡತಿ ಪೊಲೀಸ್ ಫೌಜದಾರನ ಮುಂದೆ ನಿಂತು, "ಎಲ್ಲಾರಿಗೂ ಅದು ಆಟ ಆಗಿತ್ತು. ಖರೆ ಸಾಯಾಕತ್ತಾನ ಅಂತ ನಿಮಗೊಬ್ಬರಿಗೇ ಗೊತ್ತಿತ್ತು. ಅದಕ್ಕ ನಿಮ್ಮ ಕೈ ಏಳಲಿಲ್ಲ," ಎಂದು ನಿರ್ಮಾಪಕನಿಗೆ ಹೇಳುತ್ತಾಳೆ. ಚಿಗವ್ವ ಆ ಮಾತನ್ನು ರೊಟ್ಟಿ ಬಡಿಯುತ್ತ ಹೇಳುವಳು, ಸೆಗಣಿ ಬಾಚುತ್ತ ಹೇಳುವಳು. ಎಮ್ಮೆಗೆ ಬೆರಳು ತೋರಿಸಿ ಹೇಳಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ನೋಡಿದ್ದೇನೆ ಎಂದುಕೊಂಡಿದ್ದೇನೆ.

ಮುಂದಿನದನ್ನು ನಾನು ನೋಡಿಲ್ಲ, ಅವ್ವನಿಂದ ಕೇಳಿದ್ದು. ಐದನೆಯ ಕಂತಿನಲ್ಲಿ ಗಂಡನ ಹೆಣದ ಮುಂದೆ ಹೆಂಡತಿಯ ಬಳೆ ಒಡೆಯುವ ದೃಶ್ಯವಿತ್ತು. ನಾಟಕಕ್ಕೆ ಹಿನ್ನೆಲೆಯ ಸದ್ದು ಮಾಡುವವನು ಹೆಂಚಿನ ಚೂರು ಒಡೆದು ತೋರಿಸಿದಾಗ ಚಿಗವ್ವ ನಕ್ಕುಬಿಟ್ಟಳಂತೆ. ಇದು ಗಡಿಗೆ ಒಡೆದ ಸಪ್ಪಳ, ಬಳೆಯದಲ್ಲ ಎಂದಳಂತೆ. ಎರಡನೆಯ ಸಲ ಹೋಗುವಾಗ ಮೂಡಲಗಿಯ ಬಳೆಗಾರನ ಹತ್ತಿರ ಬಿರುಕು ಬಿಟ್ಟ ಬಳೆಗಳನ್ನು ಕೇಳಿ ಪಡೆದು ಅರಿವೆಯಲ್ಲಿ ಕಟ್ಟಿಕೊಂಡು ಹೋದಳು. ಅವನ್ನು ಕಲ್ಲಿನ ಮೇಲಿಟ್ಟು ಒಡೆದವನು ಸದ್ದು ಮಾಡುವವನೇ. ಇವಳು ಅತ್ತಳು ಅಷ್ಟೆ. ಕೈಯಲ್ಲಿ ತೊಟ್ಟ ಬಳೆಗೆ ಬೆರಳೂ ತಾಗಿಸಲಿಲ್ಲ.

ನಾಟಕ ರವಿವಾರ ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಬಂದು, ಸೋಮವಾರ ಮಧ್ಯಾಹ್ನ ಮತ್ತೆ ಬರುತ್ತಿತ್ತು. ಸೋಮವಾರ ನಮ್ಮ ಕಡೆ ಎತ್ತು ಹೂಡುವುದಿಲ್ಲ, ಬಸವಣ್ಣನ ವಾರ. ಬೇರೆ ಯಾವ ದಿನವಾದರೂ ಗಂಡಸರೆಲ್ಲ ಹೊಲದಲ್ಲಿರುತ್ತಿದ್ದರು. ಅಂದು ಮನೆ ತುಂಬ ಜನ. ಬಳೆ ಒಡೆದ ಸಪ್ಪಳವಾಯಿತು, ಹಿಂದೆಯೇ ಈ ಮನೆಯ ಸೊಸೆಯ ದನಿ, ನನ್ನ ಕುಂಕುಮ ಅಳಿಸಿತೋ ಎಂದು. ಕಾಕಾ ಅಲ್ಲೇ ಕಂಬಕ್ಕೆ ಒರಗಿ ಕೂತು ಶೇಂಗಾ ತಿನ್ನುತ್ತಿದ್ದನು. ಚಿಗವ್ವನ ಅತ್ತೆ ಎದ್ದು ಬಂದು ಮಗನ ಎದೆ ಮುಟ್ಟಿ ನೋಡಿದಳಂತೆ. ಮರುದಿನ ಬಳೆಗಾರನನ್ನು ಕರೆಸಿ ಚಿಗವ್ವನಿಗೆ ಹೊಸದಾಗಿ ಹಸಿರು ಬಳೆ ತೊಡಿಸಿದರು, ಐದು ಜನ ಮುತ್ತೈದೆಯರಿಗೆ ಉಡಿ ತುಂಬಿದರು, ಅವಳ ಮೈಗೆ ಅಂಟಿದ್ದನ್ನು ತೊಳೆಯುವಂತೆ. ಆರನೆಯ ಕಂತಿನ ಹಾಳೆಗಳು ನೀರೊಲೆಗೆ ಹೋದವು. ರೇಡಿಯೋ ಅಟ್ಟ ಸೇರಿತು. ರೇಡಿಯೋ ಕೇಂದ್ರದ ಹೊಸ್ತಿಲು ಇನ್ನು ತುಳಿಯಕೂಡದು ಎಂದವನು ಕಾಕಾನ ಅಣ್ಣ, ಚಿಗವ್ವನ ಭಾವ. ಕಾಕಾ ಏನೆಂದನು? ಏನೂ ಅನ್ನಲಿಲ್ಲ. ಬದುಕಿ ಕೂತಿದ್ದವನು ಒಂದು ಮಾತು, ನಾ ಇಲ್ಲೇ ಕುಂತೇನಲ್ಲ ಎಂಬ ಒಂದು ಮಾತು ಆಡಿದ್ದರೆ ಸಾಕಿತ್ತು. ಅವನ ಮೇಲಿನ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ಕಲಾವಿದೆ ಬರಲಿಲ್ಲ. ರೇಡಿಯೋದವರು ಕಾದರೋ, ಪತ್ರ ಬರೆದರೋ ನನಗೆ ತಿಳಿಯದು. ಬೇರೊಬ್ಬಳ ದನಿಯನ್ನು ಹಾಕಬಹುದಿತ್ತು, ಹಾಕಲಿಲ್ಲ. ನಾಟಕ ಬರೆದವರು ಈಗಿಲ್ಲ, ಕೇಳುವಂತಿಲ್ಲ. ಕೈಗೆ ಸಿಕ್ಕ ಸುಲಭದ ದಾರಿ ಹಿಡಿದರು ಎಂದಷ್ಟೇ ಊಹಿಸಬಲ್ಲೆ. ಆರನೆಯ ಕಂತಿನಲ್ಲಿ ಫೌಜದಾರ ಬಂದು, ಹೆಂಡತಿಯ ಸೆರಗಿನ ಗಂಟಿನಲ್ಲಿ ವಿಷದ ಶೀಶೆ ಸಿಕ್ಕಿತು, ಆಕೆ ಬಾವಿಗೆ ಹಾರಿಕೊಂಡಳು ಎಂದು ಹೇಳಿ ಪ್ರಕರಣ ಮುಗಿಸಿದ. ನಿರ್ಮಾಪಕ ಅವನಿಗೆ ಧನ್ಯವಾದ ಹೇಳಿದ. ಬಾಯಿಲ್ಲದವಳ ತಲೆಗೆ ಕೊಲೆ ಕಟ್ಟಿದರು. ಅವಳ ಬಾಯಿ ಮುಚ್ಚಿಸಿದ್ದು ಊರಿನವರು ಒಮ್ಮೆ, ಊರಿನಾಚೆಯವರು ಇನ್ನೊಮ್ಮೆ.

ಆಗ ನಾನು ಗೋಕಾಕದಲ್ಲಿ ಪಿಯುಸಿ ಓದುತ್ತಿದ್ದೆ. ಹಾಸ್ಟೆಲಿನ ವಾರ್ಡನ್ ಬಾಯಿಯವರ ಕೋಣೆಯಲ್ಲಿ ಆ ಕಂತು ಕೇಳಿದೆ. ಅದೇ ವಾರ ಮೇಲವಂಕಿಗೆ ಹೋದಾಗ ಚಿಗವ್ವ ನನ್ನನ್ನು ಹಿತ್ತಲಿಗೆ ಎಳೆದುಕೊಂಡು ಹೋದಳು.

"ಹೇಳ, ಲಗೂನ ಹೇಳ. ಕಡೀಕ ಏನಾತು? ನನ್ನ ಮಾತ ಯಾರ ಅಂದ್ರು?"

"ಬ್ಯಾರೆ ಯಾರೋ ಅಂದ್ರ ಚಿಗವ್ವಾ. ಆದರ ನಿನ್ನಂಗ ಇರಲಿಲ್ಲ ಬಿಡ."

"ನಿರ್ಮಾಪಕ ಸಿಕ್ಕನ?"

"ಸಿಕ್ಕ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕಳು. ಆ ನಗೆಯ ಮೇಲೆ ಮೂವತ್ತೆಂಟು ವರ್ಷ ಬದುಕಿದಳು.

ಇದನ್ನು ಯಾರಿಗಾದರೂ ಹೇಳುವಾಗ ನಾನು ಒಂದು ಮಾತು ಸೇರಿಸುತ್ತಿದ್ದೆ: ಹಾಗೆ ಹೇಳೆಂದು ಅವ್ವನೇ ನನಗೆ ಹೇಳಿಕೊಟ್ಟಿದ್ದಳು ಎಂದು. ಚಿಗವ್ವನ ಫೋನ್ ಬಂದ ದಿನ ಹಳೆಯ ಪೆಟ್ಟಿಗೆ ತೆಗೆದು ಆ ವರ್ಷದ ನೋಟ್‌ಬುಕ್ ಹುಡುಕಿದೆ. ಅಲ್ಲಿ ಬರೆದಿದ್ದು ಇಷ್ಟು: "ಚಿಗವ್ವನಿಗೆ ಸುಳ್ಳು ಹೇಳಿದೆ. ಅಳುತ್ತಾಳೆ ಎಂದಲ್ಲ. ಅತ್ತರೆ ನಾನೇನು ಮಾಡಬೇಕೆಂದು ತಿಳಿಯಲಿಲ್ಲ." ಅವ್ವನ ಹೆಸರೇ ಇಲ್ಲ. ಸತ್ತುಹೋದ ಅವ್ವನ ಹೆಗಲಿಗೆ ನಾನು ಯಾವಾಗ ಈ ಸುಳ್ಳನ್ನು ಹೇರಿದೆ? ಅಥವಾ ಹದಿನೇಳರ ಹುಡುಗಿ ತನ್ನನ್ನು ದೊಡ್ಡವಳನ್ನಾಗಿ ಮಾಡಿಕೊಳ್ಳಲು ಅವ್ವನನ್ನು ಬಿಟ್ಟು ಬರೆದಳೋ? ದಿನಚರಿ ಬರೆದವಳೂ ನಾನೇ. ಎರಡರಲ್ಲಿ ಯಾವುದನ್ನು ನಂಬಿದರೂ ಸುಳ್ಳು ಆಡಿದ ಬಾಯಿ ನನ್ನದೇ.

ಎರಡು ದಿನ ಬಿಟ್ಟು ಮೇಲವಂಕಿಗೆ ಹೋದೆ. ಆ ನಾಟಕವನ್ನು ಫೋನಿನಿಂದ ಫೋನಿಗೆ ಹಂಚಿದವನು ಯಾರೆಂದು ಅಲ್ಲಿ ಗೊತ್ತಾಯಿತು: ಭಾವನೇ. ಮೂಡಲಗಿಯ ರೇಡಿಯೋ ರಿಪೇರಿಯವರೊಬ್ಬರು ಆಗ ಕ್ಯಾಸೆಟ್ಟಿಗೆ ಇಳಿಸಿಟ್ಟುಕೊಂಡಿದ್ದನ್ನು ಈಗ ಫೋನಿಗೆ ಹಾಕಿದ್ದರು. ಅದರ ಕೆಳಗೆ ಭಾವ "ನಮ್ಮ ಮನೆತನದ ಹೆಮ್ಮೆಯ ಕಲಾವಿದೆ" ಎಂದು ಬರೆದು ಬೀಗರಿಗೆಲ್ಲ ಕಳಿಸಿದ್ದನು. ಎಂಬತ್ತರ ಹತ್ತಿರದ ಮನುಷ್ಯ, ಕಟ್ಟೆಯ ಮೇಲೆ ಕೂತು ನನ್ನನ್ನು ನಗುನಗುತ್ತ ಬರಮಾಡಿಕೊಂಡನು.

"ಬಾರವ್ವಾ, ಕೇಳಿದೇನ ನಮ್ಮ ಆಕೀ ದನಿ? ಆ ಕಾಲದಾಗ ಯಾರ ಕಳಸ್ತಿದ್ರು ಹೆಣ್ಮಕ್ಕಳನ್ನ? ನಾವು ಕಳಸಿದ್ವಿ."

"ಕಡೀ ಕಂತಿಗಿ ಯಾಕ ಕಳಸಲಿಲ್ರಿ ದೊಡ್ಡ ಕಾಕಾರ?"

"ಅದೆಲ್ಲ ಈಗ್ಯಾಕ? ಆಗಿನ ಮಂದಿ ಹಂಗ ಇದ್ರು."

ಭಾವನ ಮುಂದೆ ತಮ್ಮನ ಹೆಂಡತಿ ನೇರವಾಗಿ ಮಾತಾಡುವ ರೂಢಿ ಆ ಮನೆಯಲ್ಲಿಲ್ಲ. ಹೇಳುವುದಿದ್ದರೆ ನಡುವೆ ಯಾರನ್ನಾದರೂ ಇಟ್ಟುಕೊಂಡು ಹೇಳಬೇಕು. ಯಾರೂ ಸಿಗದಿದ್ದರೆ ಗೋಡೆಗೆ ಹೇಳಬೇಕು. ಬಾಗಿಲ ಮರೆಯಲ್ಲಿ ತಲೆ ತುಂಬ ಸೆರಗು ಹೊದ್ದು ನಿಂತಿದ್ದ ಚಿಗವ್ವ ನನ್ನ ಕಡೆ ನೋಡುತ್ತ ಅವನಿಗೆ ಕೇಳುವಂತೆ ಹೇಳಿದಳು:

"ತಂಗಿ, ಆಗಿನ ಮಂದಿ ಅಂದ್ರ ಯಾರಂತ ಕೇಳ ಅವರನ್ನ. ಇವರ ಅಲ್ಲೇನ?"

ಭಾವ ಕೆಮ್ಮಿದನು. ಕಂಬದ ಹತ್ತಿರ ಕಾಕಾ ಕೂತಿದ್ದನು. ಈಗ ಹಲ್ಲಿಲ್ಲ, ಶೇಂಗಾ ಇಲ್ಲ.

"ನನ್ನ ಮುಂದ ಯಾಕ ಜಗಳ?" ಎಂದನು ಕಾಕಾ. "ಸತ್ತಾವ ಇಲ್ಲೇ ಕುಂತೇನಿ. ಮೂವತ್ತೆಂಟ ವರ್ಷ ಆತು, ಇನ್ನೂ ಸತ್ತಿಲ್ಲ."

ಸೊಸೆಯಂದಿರು ನಕ್ಕರು. ಕಾಕಾನೂ ನಕ್ಕನು. ಚಿಗವ್ವ ನಗಲಿಲ್ಲ.

"ಈ ಮಾತ ಆವತ್ತ ಆಡಿದ್ರ ಹಲ್ಲ ಉದರತಿದ್ವೇನ್ರಿ?" ಎಂದಳು ಗಂಡನಿಗೆ.

ಅವಳು ಒಳಗೆ ಹೋದಳು. ನಾನೂ ಹಿಂದೆಯೇ ಹೋದೆ, ತಪ್ಪಾಯಿತು ಎನ್ನಲು. ಅವಳು ಕೇಳಿಸಿಕೊಳ್ಳಲಿಲ್ಲ. ಅವಳಿಗೆ ಬೇಕಾಗಿದ್ದು ನನ್ನ ಕ್ಷಮೆಯಲ್ಲ.

"ನನ್ನ ಮಾತ ನಾ ಅನ್ನಬೇಕು," ಎಂದಳು. "ಆಕಿ ಕೊಂದಿಲ್ಲ. ಕೊಂದಾವ ಆ ನಿರ್ಮಾಪಕ. ಅದನ್ನ ನನ್ನ ಬಾಯಿಲೆ ಅನ್ನಬೇಕು. ಎಲ್ಲಿ ಅಂತೀಯೋ ಅಲ್ಲಿಗಿ ಬರ್ತೇನಿ."

ಗೋಕಾಕದಲ್ಲಿ ನಾಲ್ಕಾರು ತರುಣ ಶಿಕ್ಷಕರು ಸೇರಿ ಹಳೆಯ ರೇಡಿಯೋ ನಾಟಕಗಳನ್ನು ಹೊಸದಾಗಿ ಧ್ವನಿಮುದ್ರಿಸಿ ಇಂಟರ್ನೆಟ್ಟಿಗೆ ಹಾಕುತ್ತಾರೆ. ಇದೂ ಅವರ ಪಟ್ಟಿಯಲ್ಲಿತ್ತು. ಚಿಗವ್ವ, ಕಾಕಾ, ನಾನು ಮೂವರೂ ಹೋದೆವು. ಹೊರಗಿನ ಸದ್ದು ಬಾರದಂತೆ ಗೋಡೆಗೆಲ್ಲ ಕೌದಿ ತೂಗುಹಾಕಿದ ಚಿಕ್ಕ ಕೋಣೆ. ಅವರಲ್ಲಿ ಹಿರಿಯನಾದ ಶಿಕ್ಷಕ ಎದ್ದು ಚಿಗವ್ವನ ಕಾಲು ಮುಟ್ಟಿ ನಮಸ್ಕರಿಸಿದ. ಒಳ್ಳೆಯ ಹುಡುಗ, ಸಂಶಯವಿಲ್ಲ. ಇವಳ ಮಾತು ಪೂರ್ತಿ ಕೇಳಿ ತಲೆ ಕೆರೆದುಕೊಂಡ.

"ಅಮ್ಮಾರ, ಮಂದಿಗಿ ಆ ಕೊನೀನ ಭಾಳ ಸೇರಿಬಿಟ್ಟೈತ್ರಿ. ಹೆಂಡ್ತೀನ ಕೊಂದಾಕಿ ಅಂತ ಯಾರೂ ತಿಳಕೊಂಡಿರೂದಿಲ್ಲ, ದಂಗ ಆಗ್ತಾರ. ಮೂಲಕ್ಕ ನಾವು ನಿಷ್ಠೆ ಇಟಗೋಬೇಕಲ್ರಿ. ಹಿಂಗ ಮಾಡೂಣು, ಎರಡೂ ಇಡೂಣು. ಯಾವದ ಖರೆ ಅಂತ ಕೇಳೂ ಮಂದೀನ ಓಟ ಹಾಕ್ಲಿ."

"ಕೊಲಿ ಯಾರ ಮಾಡ್ಯಾರ ಅನ್ನೂದಕ್ಕ ಓಟ ಹಾಕ್ತಾರೇನ್ರಿ ಸರ?"

"ಅದೊಂದ ಆಟ ರಿ, ಅಮ್ಮಾರ."

"ಆ ಓಟಿನ್ಯಾಗ ನಾ ಸೋತ್ರ?"

ಮೂಲಕ್ಕೆ ನಿಷ್ಠೆ! ಮೂಲವನ್ನು ನೀರೊಲೆಗೆ ಹಾಕಿದ್ದಾರೆ, ಉಳಿದದ್ದು ಅದರ ಮೇಲೆ ಹಚ್ಚಿದ ತೇಪೆ ಎಂದು ನಾನು ಕೂಗಾಡಿದೆ. ಶಿಕ್ಷಕಿಯಾಗಿ ತರಗತಿಯಲ್ಲಿ ಇದೇ ನಿಷ್ಠೆಯ ಪಾಠವನ್ನು ನಾನೂ ವರ್ಷಗಟ್ಟಲೆ ಹೇಳಿದ್ದೇನೆ. ನನ್ನ ಕೂಗಿನಲ್ಲಿ ಅದರ ನಾಚಿಕೆಯೂ ಸೇರಿತ್ತು. ಚಿಗವ್ವ ನನ್ನ ರಟ್ಟೆ ಹಿಡಿದು ಎಬ್ಬಿಸಿದಳು.

"ಮೂಡಲಗಿ ಬಸ್ಸ ಎಷ್ಟಕ್ಕ ಐತಿ?" ಎಂದಳು.

ರೇಡಿಯೋ ರಿಪೇರಿಯವರ ಅಂಗಡಿಯಲ್ಲಿ ಈಗ ರಿಪೇರಿಗೆ ಬರುವುದು ಮಿಕ್ಸರ್‌ಗಳೇ. ಕನ್ನಡಕದ ಒಂದು ಕಾಲಿಗೆ ದಾರ ಸುತ್ತಿದ್ದ ಮುದುಕರು ಚಿಗವ್ವನ ಎರಡು ಮಾತು ಕೇಳಿದ ಕೂಡಲೇ ಸ್ಕ್ರೂಡ್ರೈವರ್ ಕೆಳಗಿಟ್ಟರು.

"ಅವ್ವಾ, ನೀವ ಅಲ್ರಿ? ಹೀರೋನ ಹೆಂಡ್ತಿ?"

"ಹೌದ್ರಿ. ಆ ಕ್ಯಾಸೆಟ್ ಐತೇನ್ರಿ?"

ಕಪಾಟಿನಿಂದ ತೆಗೆದುಕೊಟ್ಟರು. ಮೂರು ಕ್ಯಾಸೆಟ್, ಒಂದೊಂದು ಮಗ್ಗುಲಿಗೆ ಒಂದೊಂದು ಕಂತು. ಮೂರನೆಯದರ ಒಂದು ಮಗ್ಗುಲಿಗೆ ಐದನೆಯ ಕಂತು, ಇನ್ನೊಂದಕ್ಕೆ ಆರನೆಯದು.

"ಆರನೇದರ ಮ್ಯಾಲ ನಾ ಮಾತಾಡಬೇಕ್ರಿ," ಎಂದಳು ಚಿಗವ್ವ. "ಇದ್ದದ್ದ ಅಳಿಸಿ ಹೋಗಬೇಕು."

ನಾನು ಕ್ಯಾಸೆಟ್ಟಿನ ಮೇಲೆ ಕೈ ಇಟ್ಟೆ. ಬಸ್ಸಿನ ಟಿಕೀಟನ್ನೂ ಪುಸ್ತಕದಲ್ಲಿ ಅಂಟಿಸಿಡುವವಳು ನಾನು.

"ಚಿಗವ್ವಾ, ಅದೊಂದ ಪುರಾವೆ. ಅವರು ಏನ ಮಾಡ್ಯಾರ ಅನ್ನೂದಕ್ಕ ಅದೊಂದ ಉಳದೈತಿ."

"ಯಾರಿಗಿ ಪುರಾವೆ? ಅದನ್ನ ಕೇಳಿದಾವ್ರೆಲ್ಲಾ ನಾನ ಕೊಂದಾಕಿ ಅಂತಾರ."

"ಫೋನಿನ್ಯಾಗಿಂದ ಹೋಗೂದಿಲ್ಲ. ಇಲ್ಲಿ ಅಳಿಸಿ ಏನ ಉಪಯೋಗ?"

"ಫೋನಿಂದ ನನ್ನ ಕೈಯಾಗಿಲ್ಲ. ಇದ ಐತಿ."

ನಾನು ಮುದುಕರ ಮುಖ ನೋಡಿದೆ, ಅವರಾದರೂ ಬೇಡ ಎಂದಾರು ಎಂದು. ಅವರು ಕ್ಯಾಸೆಟ್ಟಿನ ಮೇಲಂಚು ತೋರಿಸಿದರು. ಯಾರೂ ಅದರ ಮೇಲೆ ಮತ್ತೆ ರೆಕಾರ್ಡ್ ಮಾಡಬಾರದೆಂದು ಅಲ್ಲಿಯ ಪುಟ್ಟ ಕಡ್ಡಿಯನ್ನು ಅವರೇ ಅಂದು ಮುರಿದಿದ್ದರು. ಆ ಸಂದಿಯ ಮೇಲೆ ಅಂಟುಪಟ್ಟಿಯ ಚೂರೊಂದನ್ನು ಹಚ್ಚಿ ಉಗುರಿನಿಂದ ಒತ್ತಿದರು.

"ನಾ ಹಿಡದಿಟ್ಟದ್ದು ಈ ಅವ್ವನ ದನಿಗಿ ರಿ," ಎಂದರು ನನಗೆ. "ಆ ಫೌಜದಾರನ ದನಿಗಲ್ಲ."

ಮಿಕ್ಸರ್‌ಗಳನ್ನು ಸರಿಸಿ ಟೇಪ್‌ರೆಕಾರ್ಡರ್ ಇಟ್ಟರು. ಕಾಕಾ ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಕೂತನು. ಮುದುಕರು ಗುಂಡಿ ಒತ್ತಿದರು, ಚಿಗವ್ವ ಮೈಕಿನ ಹತ್ತಿರ ಬಾಗಿದಳು. ಆಮೇಲೆ ನಿರ್ಮಾಪಕನ ಎದುರು ನಿಂತ ಹೆಂಡತಿಯ ಮಾತು ಬಂತು. ಕೈ ಏಳಲಿಲ್ಲ ಎನ್ನುವವರೆಗೆ ಒಂದಕ್ಷರ ತಪ್ಪಲಿಲ್ಲ. ಅದಾದ ಮೇಲೆ ನಿಂತಳು. ನನ್ನ ಕಡೆ ನೋಡಿ ಕೈ ಆಡಿಸಿದಳು, ಮುಂದೇನು ಎಂಬಂತೆ. ಅವಳಿಗೆ ಪಾಠ ಒಪ್ಪಿಸಿಕೊಂಡವಳು ನಾನಲ್ಲವೇ? ಏನಾದರೂ ಒಂದು ಸಾಲು ಕಟ್ಟಿ ಹೇಳುವುದು ಕಷ್ಟವಿರಲಿಲ್ಲ. ಒಳ್ಳೆಯ ಸಾಲೇ ಸಿಗುತ್ತಿತ್ತು. ನೆನಪಿಲ್ಲ ಎಂದು ತಲೆ ಅಲ್ಲಾಡಿಸಿದೆ. ಅವಳು ತಿರುಗಿ ಮೈಕಿಗೆ, "ಇವನ ಕೊಂದಾವ. ನಾ ಅಲ್ಲ. ಬರಕೋರಿ ಫೌಜದಾರ್ ಸಾಹೇಬರ," ಎಂದು ಮುಗಿಸಿದಳು. ಆಮೇಲೆ ರೇಡಿಯೋದಲ್ಲಿ ಹೇಳುವಂತೆ, ಭಾಗವಹಿಸಿದವರು ಎಂದು ಹೇಳಿ ತನ್ನ ಹೆಸರನ್ನು ಬಿಡಿಬಿಡಿಯಾಗಿ ಹೇಳಿದಳು. ಗಂಡನ ಹೆಸರನ್ನೂ ಮನೆತನದ ಹೆಸರನ್ನೂ ಸೇರಿಸಲಿಲ್ಲ.

ಎಲ್ಲ ಸೇರಿ ಮೂರು ನಿಮಿಷ. ಆರನೆಯ ಕಂತು ಅರ್ಧ ತಾಸಿನದು.

"ಉಳದದ್ದ ಹಂಗ ಓಡ್ಲಿ ಬಿಡ್ರಿ ಅವ್ವಾ," ಎಂದು ಮುದುಕರು ಪಿಸುಗುಟ್ಟಿದರು. "ಮಾತಾಡದಿದ್ರೂ ಹಳೇದ ಅಳಿಸ್ತೈತಿ."

"ಸುಮ್ಮನ ಯಾಕ ಓಡ್ಲಿ?" ಎಂದಳು.

ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. ತಲೆಯ ಮೇಲಿನ ಸೆರಗು ಜಾರಿ ಹೆಗಲಿಗೆ ಬಿತ್ತು, ಮತ್ತೆ ಹೊದೆಯಲಿಲ್ಲ.

"ಭಾವಾರ," ಎಂದಳು.

ನಡುವೆ ಯಾರನ್ನೂ ಇಟ್ಟುಕೊಳ್ಳದೆ ಅವಳು ಅವನನ್ನು ಕರೆದದ್ದು ನಾನು ಕೇಳಿದ್ದು ಅದೇ ಮೊದಲು. ಮುಂದಿನ ಇಪ್ಪತ್ತೇಳು ನಿಮಿಷ ಅವಳು ಆಡಿದ್ದನ್ನೆಲ್ಲ ಇಲ್ಲಿ ಬರೆಯುವುದಿಲ್ಲ, ಬರೆದರೆ ನನ್ನದಾಗಿಬಿಡುತ್ತದೆ. ಮೊದಲು ಭಾವ. ಸುಟ್ಟ ಹಾಳೆಗಳು ಎಷ್ಟಿದ್ದವು, ಯಾವ ಹಾಳೆ ಯಾವುದರ ಹಿಂದೆ ಉರಿಯಿತು, ಆ ನೀರಿನಲ್ಲಿ ಯಾರ್ಯಾರು ಸ್ನಾನ ಮಾಡಿದರು. ಆಮೇಲೆ ಕಾಕಾ. ಬೆಂಚಿನ ಮೇಲೆ ದಿನವಿಡೀ ಕಾಯುವ ಗಂಡಸಿಗೆ ಮನೆಯಲ್ಲಿ ಒಂದು ಮಾತು ಆಡಲು ಯಾಕೆ ಬರಲಿಲ್ಲ ಎಂದು, ಮೂರು ಸಲ, ಒಂದೊಂದು ಸಲವೂ ದನಿ ಏರಿಸುತ್ತ. ಕಾಕಾ ಸ್ಟೂಲಿನಿಂದ ಎದ್ದನು.

"ಕುಂಡರ್ರಿ," ಎಂದಳು. ಅದೂ ಟೇಪಿನಲ್ಲಿದೆ.

ಕಾಕಾ ಕೂತನು. ಆಮೇಲೆ ನನ್ನ ಸರದಿ. "ಸಾಲಿ ಕಲತಾಕಿ," ಎಂದು ಶುರು ಮಾಡಿದಳು. ಹಿತ್ತಲಿನಲ್ಲಿ ನಾನು ಆಡಿದ ಸುಳ್ಳನ್ನು ಮಾತು ಮಾತಿಗೆ ಬಿಡಿಸಿ ಹೇಳಿದಳು. ಅದರಲ್ಲಿ ಅವ್ವ ಇರಲಿಲ್ಲ, ನನ್ನ ನೋಟ್‌ಬುಕ್ಕಿನಲ್ಲಿ ಇಲ್ಲದ ಹಾಗೆ. ಆದರೆ ಅವಳ ನೆನಪಿನ ಹಿತ್ತಲಿನಲ್ಲಿ ನಾನೂ ನಕ್ಕಿದ್ದೆ. "ನಾ ನಂಬಿದ್ನಿ ಅಂತ ಖುಷಿಲೆ ನಕ್ಕಳು," ಎಂದಳು. ನನಗೆ ಅದರ ನೆನಪಿಲ್ಲ, ದಿನಚರಿಯಲ್ಲಿ ಬರೆದಿಲ್ಲ. ನಕ್ಕಿರಬಹುದು. ಹೌದೆನ್ನುವುದಕ್ಕೂ ಅಲ್ಲವೆನ್ನುವುದಕ್ಕೂ ಬಾಯಿ ತೆರೆಯಲಿಲ್ಲ; ಟೇಪು ಓಡುತ್ತಿತ್ತು, ಮಾತು ಅವಳದು.

ಅವಳು ಅತ್ತೆಯ ವಿಷಯಕ್ಕೆ ಬಂದು ಒಂದು ವಾಕ್ಯದ ನಡುವೆ ಇದ್ದಾಗ ಟೇಪು ಮುಗಿದು ಗುಂಡಿ ಟಕ್ಕೆಂದು ಮೇಲೆದ್ದಿತು.

"ಮುಗೀತ್ರಿ ಅವ್ವಾ," ಎಂದರು ಮುದುಕರು. "ಫೌಜದಾರ ಹ್ವಾದ."

ಚಿಗವ್ವ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಇನ್ನು ಹೊರಡೋಣವೇ ಎಂಬಂತೆ ಕಾಕಾ ಚಪ್ಪಲಿಗೆ ಕಾಲು ಚಾಚಿದನು. ಅವಳು ಅತ್ತ ನೋಡಲೇ ಇಲ್ಲ.

"ಖಾಲಿದು ಇನ್ನೊಂದ ಐತೇನ್ರಿ?" ಎಂದು ಕೇಳಿದಳು. "ಇದ್ರ ಹಾಕ್ರಿ."